ಪೊರೆ ಕೊಳವೆಯ ಮೇಲಿನ ವಿಭೂತಿ

ಅಂಜಿನಕ್ಕ ಬಂದಾಗ ಗಂಗಾಂಬಿಕಾ ಅಮ್ಮಾರು ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಜೀಪಿನ ಗಾಜು ಒರೆಸುತ್ತಿದ್ದೆ. ಆಕೆ ಒಳಗೆ ಬರಲಿಲ್ಲ. ಗೇಟಿನ ಹೊರಗೇ ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು:

"ಅಮ್ಮಾರ, ಸತ್ತ ಎಮ್ಮಿ ನೋಡಿ ಅದು ಹೆಂಗ ಸತ್ತೈತಿ ಅಂತ ಹೇಳಾರು ನೀವ ಅಲ್ಲೇನ್ರಿ?"

"ಒಂದು ಕಾಲಕ್ಕ ಹೌದವ್ವ. ಎಮ್ಮಿ ಸತ್ತೈತೇನು?"

"ಎಮ್ಮಿ ಅಲ್ರಿ. ನನ್ನ ಮಗ. ಸತ್ತಿಲ್ಲ, ಸತ್ತೋರಂಗ ಗೋಡಿ ಕಡಿ ಮುಖ ಮಾಡಿ ಮಕ್ಕಂಡಾನ."

ಅಮ್ಮಾರು ಮೊರವನ್ನು ಪಕ್ಕಕ್ಕೆ ಸರಿಸಿದರು. ಒಳಗೆ ಕರೆದು ಕೂರಿಸಿ, ನೀರು ಕೊಡಿಸಿ, ಆಕೆ ಕುಡಿಯುವವರೆಗೆ ಕಾದರು. ಅದು ಅವರ ರೀತಿ. ಇನ್ಶೂರೆನ್ಸ್ ಆಫೀಸಿನಲ್ಲಿ ಸರ್ವೇಯರ್ ಆಗಿದ್ದವರು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲಿ ದನ ಸತ್ತರೂ, ಬಣವೆ ಸುಟ್ಟರೂ, ಪಂಪ್‌ಸೆಟ್ ಕೆಟ್ಟರೂ ಹೋಗಿ ನೋಡಿ ಬರುವುದು ಅವರ ಕೆಲಸವಾಗಿತ್ತು. ಆ ಕಾಲದಿಂದಲೂ ಅವರ ಜೀಪಿಗೆ ಡ್ರೈವರ್ ನಾನೇ, ದುರುಗಣ್ಣ. ಅವರು ರಿಟೈರಾಗಿ ಕೊಟ್ಟೂರಿನ ರೈಲ್ವೆ ಸ್ಟೇಷನ್ ಹಿಂದಿನ ಮನೆಗೆ ಬಂದ ಮೇಲೂ ಜನ ಬಿಡಲಿಲ್ಲ, ನಾನೂ ಬಿಡಲಿಲ್ಲ. ಪೊಲೀಸರ ಬಳಿ ಹೇಳಲಾಗದ್ದನ್ನು ಹೊತ್ತು ಬರುವವರು ಅವರ ಅಂಗಳಕ್ಕೇ ಬರುತ್ತಿದ್ದರು.

ಅಂಜಿನಕ್ಕ ಹೇಳಿದ ಸಂಗತಿ ಇಷ್ಟು. ಅವಳ ಮಗ ಅಂಜಿನಿ, ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿರುವ ರೈತ ಸಂಘದ ಸಗಣಿ ಗ್ಯಾಸ್ ಪ್ಲಾಂಟಿನಲ್ಲಿ ಮಷೀನು ನೋಡಿಕೊಳ್ಳುತ್ತಿದ್ದ. ಅಷ್ಟಮಿಯ ದಿನವೇ ಮಷೀನುಗಳನ್ನು ನಿಲ್ಲಿಸಿ ಬಣ್ಣ ಹಚ್ಚಿ, ಮಹಾನವಮಿಗೆ ಪೂಜೆ ಮಾಡಿದರು. ಆ ರಾತ್ರಿ ಅವನೊಬ್ಬನೇ ಅಲ್ಲಿ ಮಲಗಿದ್ದ. ದಶಮಿಯ ಬೆಳಗ್ಗೆ ಎಲ್ಲರೂ ಸೇರಿ ಚಾಲೂ ಮಾಡಿದರೆ ಗ್ಯಾಸು ಕೆಟ್ಟಿತ್ತು. ಎಲ್ಲಕ್ಕಿಂತ ತುಟ್ಟಿಯ ಕೊಳವೆ ಹಾಳಾಗಿತ್ತು. ಅಂಜಿನಿ ಆಗಷ್ಟೇ ಬನ್ನಿ ಸೊಪ್ಪು ಹಿಡಿದು ಅಧ್ಯಕ್ಷ ಬೆನಕಪ್ಪನವರ ಮುಂದೆ ಬಗ್ಗಿದ್ದ. ಅವರು ಅವನ ಕೈಗೆ ಹೊಡೆದು ಸೊಪ್ಪನ್ನು ಕೆಡವಿದರು. ಅಷ್ಟೂ ಮಂದಿಯ ಎದುರು, ಬೇವಿನ ಮರದ ಕೆಳಗೆ ನಿಲ್ಲಿಸಿ, ಉಂಡ ಮನೆಗೆ ಎರಡು ಬಗೆದವ ಎಂದರು. ಸೊಂಟದಿಂದ ಕೀಲಿ ಕಿತ್ತುಕೊಂಡರು.

"ಸೊಪ್ಪು ಆರಿಸ್ಕೊಳ್ಳಾಕೂ ಬಿಡ್ಲಿಲ್ರಿ ಅವನ್ನ. ದೂಡಿ ಕಳಿಸಿದ್ರು" ಎಂದಳು ಅಂಜಿನಕ್ಕ. "ಹುಣ್ಣಿವಿ ಆದ ಮ್ಯಾಲೆ ಪೊಲೀಸ್ ಕಂಪ್ಲೇಂಟ್ ಕೊಡ್ತಾರಂತ. ಜೇಲಿಗೆ ನಾ ಅಂಜಂಗಿಲ್ಲ ಅಮ್ಮಾರ. ಅವ ಉಣ್ಣವಲ್ಲ. ಬಾಯಿ ಬಿಡವಲ್ಲ."

ಹುಣ್ಣಿಮೆ ಹತ್ತಿರವೇ ಇತ್ತು.

ಮೊದಲು ಅವರ ಮನೆಗೇ ಹೋದೆವು. ಒಂದೇ ಕೋಣೆ. ಅಂಜಿನಿ ಎದ್ದು ಕೂತ, ಆದರೆ ಮುಖ ಎತ್ತಲಿಲ್ಲ. ಅಮ್ಮಾರು ಏನು ಕೇಳಿದರೂ ಒಂದೇ ಮಾತು: ನಾ ಮಾಡಿಲ್ರಿ. ನವಮಿಯ ರಾತ್ರಿ ಯಾರಾದರೂ ಬಂದಿದ್ದರೇ? ಇಲ್ಲ. ಅದರ ಹಿಂದಿನ ದಿನ, ಅಷ್ಟಮಿ, ನೀನು ಎಲ್ಲಿದ್ದೆ? ಅದಕ್ಕೆ ಮಾತ್ರ ಅವನು ಸ್ವಲ್ಪ ತಡೆದು, ಪ್ಲಾಂಟಿನಾಗ ಇದ್ನಿ, ಕತ್ತಲಾಗೋತನ, ಎಂದ. ಹೇಳುವಾಗ ಅವನ ಕಣ್ಣು ಗೋಡೆಯ ಮೊಳೆಗೆ ನೇತುಹಾಕಿದ್ದ ಬಿಳಿ ಅಂಗಿಯ ಕಡೆ ಹೋಗಿ ಬಂತು. ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ಒಂದೇ ಸಲ ತೊಟ್ಟ ಅಂಗಿ.

ಹೊರಗೆ ಬಂದ ಮೇಲೆ ನಾನು, ಹುಡುಗ ಸುಳ್ಳು ಹೇಳಿದನಲ್ಲ ಎಂದೆ.

"ಹೇಳ್ಯಾನ. ಆದ್ರ ಬ್ಯಾರೆ ದಿನದ ಬಗ್ಗೆ ಹೇಳ್ಯಾನ" ಎಂದರು ಅಮ್ಮಾರು. "ಅವನ ಮ್ಯಾಲೆ ಆಪಾದನಿ ಇರೋದು ನವಮಿ ರಾತ್ರಿದು. ಸುಳ್ಳು ಹೇಳಿದ್ದು ಅಷ್ಟಮಿದು. ಯಾಕ, ದುರುಗಣ್ಣ?"

ನಾನು ಜೀಪನ್ನು ಪ್ಲಾಂಟಿನ ಕಡೆ ತಿರುಗಿಸಿದೆ.

ಪ್ಲಾಂಟಿನಲ್ಲಿ ನಮ್ಮನ್ನು ಎದುರುಗೊಂಡವನು ಎಂಜಿನಿಯರ್ ಅರುಣಕುಮಾರ್. ಕೊಳವೆ ಮಾರಿದ ಕಂಪನಿಯ ಹುಡುಗ, ಊರು ದಾವಣಗೆರೆ. ಕೆಲಸಕ್ಕಾಗಿ ಕೊಟ್ಟೂರಿನಲ್ಲೇ ರೂಮು ಮಾಡಿಕೊಂಡಿದ್ದ. ಹಬ್ಬಕ್ಕೆ ಊರಿಗೆ ಹೋದವನು, ಗ್ಯಾಸು ಕೆಟ್ಟಿದೆ ಎಂದು ಫೋನ್ ಹೋದ ಮೇಲೆ ಓಡಿ ಬಂದಿದ್ದ. ಅಮ್ಮಾರು ಅವನಿಗೆ, ನನಗೆ ಎಮ್ಮೆ ಗೊತ್ತು, ಈ ಕೊಳವೆ ಗೊತ್ತಿಲ್ಲ, ತಿಳಿಯುವ ಹಾಗೆ ಹೇಳಪ್ಪ ಎಂದರು. ಅವನು ಚೆನ್ನಾಗಿಯೇ ಹೇಳಿದ.

ಸಗಣಿ ಕೊಳೆತು ಬರುವ ಗ್ಯಾಸಿನಲ್ಲಿ ಎರಡು ಅನಿಲಗಳು ಬೆರೆತಿರುತ್ತವೆ. ಮೀಥೇನ್ ಉರಿಯುತ್ತದೆ, ಟೆಂಪೊ ಓಡಿಸುತ್ತದೆ. ಕಾರ್ಬನ್ ಡೈ ಆಕ್ಸೈಡ್ ಉರಿಯುವುದಿಲ್ಲ, ಬರೀ ಜಾಗ ತಿನ್ನುತ್ತದೆ. ಇವೆರಡನ್ನು ಬೇರೆ ಮಾಡುವುದೇ ಪೊರೆ ಕೊಳವೆಯ ಕೆಲಸ. ಅದರೊಳಗೆ ಕೂದಲಿನಷ್ಟು ಸಣ್ಣ, ಒಳಗೆ ಪೊಳ್ಳಾದ ಎಳೆಗಳ ದೊಡ್ಡ ಕಟ್ಟು ಇದೆ. ಎಳೆಗಳು ಪಾಲಿಮರ್, ಅಂದರೆ ಒಂದು ಜಾತಿಯ ಪ್ಲಾಸ್ಟಿಕ್. ಒತ್ತಡ ಹಾಕಿ ಗ್ಯಾಸನ್ನು ಎಳೆಗಳೊಳಗೆ ನುಗ್ಗಿಸಿದರೆ, ಕಾರ್ಬನ್ ಡೈ ಆಕ್ಸೈಡ್ ಎಳೆಯ ಗೋಡೆಯಲ್ಲಿ, ಅಂದರೆ ಪೊರೆಯಲ್ಲಿ, ಕರಗಿ, ಆ ಮಗ್ಗುಲಿಗೆ ದಾಟಿ ಹೊರಗೆ ಬರುತ್ತದೆ. ಮೀಥೇನ್ ಅಷ್ಟು ಸಲೀಸಾಗಿ ದಾಟಲಾರದೆ ಎಳೆಯೊಳಗೇ ಮುಂದಕ್ಕೆ ಹೋಗುತ್ತದೆ.

"ಹಂಗಾದ್ರ ತೂತು ಇಲ್ಲದ ಜರಡಿ" ಎಂದರು ಅಮ್ಮಾರು.

"ಹೌದ್ರಿ ಮೇಡಮ್. ಯಾವುದು ಅದರಲ್ಲಿ ಚೆನ್ನಾಗಿ ಕರಗುತ್ತೋ ಅದು ದಾಟುತ್ತೆ."

ಹೀಗೆ ಹಿಡಿದ ಕಾರ್ಬನ್ ಡೈ ಆಕ್ಸೈಡನ್ನೂ ಅವರು ಗಾಳಿಗೆ ಬಿಡುತ್ತಿರಲಿಲ್ಲ. ಪೈಪಿನ ಮೂಲಕ ಪಕ್ಕದ ಬೀಜದ ಗೋದಾಮಿಗೆ ಕಳಿಸುತ್ತಿದ್ದರು. ಬಿತ್ತನೆಯ ಮೆಕ್ಕೆಜೋಳ, ತೊಗರಿಯ ಚೀಲಗಳಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಅಂಚು ಮುಚ್ಚಿ, ಒಳಗೆ ಈ ಗ್ಯಾಸು ತುಂಬಿದರೆ ಹುಳಗಳು ಉಸಿರುಗಟ್ಟಿ ಸಾಯುತ್ತಿದ್ದವು. ಮದ್ದು ಬೇಕಿರಲಿಲ್ಲ.

"ಈಗ ಏನು ಕೆಟ್ಟೈತಿ?"

ಅರುಣಕುಮಾರ್ ಕೊಳವೆಯ ಹಿಂದಿನ ಮುಚ್ಚಳ ತೆಗೆದು ತೋರಿಸಿದ. ಎಳೆಗಳು ಒಂದಕ್ಕೊಂದು ಅಂಟಿ, ಬೆಂದ ಶಾವಿಗೆಯ ಮುದ್ದೆಯಂತಾಗಿದ್ದವು. ಯಾರೋ ಥಿನ್ನರ್ ಹಾಕಿದ್ದಾರೆ ಎಂದ. ಬಣ್ಣ ತೆಳು ಮಾಡುವ ಥಿನ್ನರ್ ತಗುಲಿದರೆ ಈ ಪ್ಲಾಸ್ಟಿಕ್ಕೇ ಉಬ್ಬಿ ಕರಗುತ್ತದೆ. ಬಂದ ದಿನವೇ ಅದನ್ನು ಸಂಘದವರಿಗೆಲ್ಲ ಹೇಳಿದ್ದನಂತೆ. ಆಗ ಬೆನಕಪ್ಪನವರೂ ಅಲ್ಲೇ ಇದ್ದರಂತೆ.

"ಮುಂದಿನ ಮುಚ್ಚಳ ತೆಗದಿಯೇನು?"

"ಇಲ್ರಿ. ಹಿಂದಿಂದ ನೋಡಿದ್ರೇ ಸಾಕಿತ್ತು."

ಅಮ್ಮಾರು ಮುಂದಿನ ತುದಿಗೆ ಹೋದರು. ಕೊಳವೆ ಅಡ್ಡಡ್ಡ ಮಲಗಿಸಿದ ಉಕ್ಕಿನ ಬೊಡ್ಡೆಯ ಹಾಗಿತ್ತು. ತಿರುಗಿಸಿ ತೆಗೆಯುವ ಮುಚ್ಚಳ. ಅದರ ಮೇಲೆ ಆಯುಧ ಪೂಜೆಯ ವಿಭೂತಿ ಹಾಗೇ ಇತ್ತು. ನೀರಲ್ಲಿ ಕಲಸಿ, ಮೂರು ಬೆರಳಲ್ಲಿ ಉದ್ದಕ್ಕೆ ಎಳೆದ ಮೂರು ಗೆರೆ, ನಡುವೆ ಕುಂಕುಮ. ಗೆರೆಗಳು ಮುಚ್ಚಳದ ಮೇಲೆ ಶುರುವಾಗಿ, ಸಂದಿಯನ್ನು ದಾಟಿ, ಕೊಳವೆಯ ಮೈಮೇಲೆ ಬಂದಿದ್ದವು. ಒಣಗಿ ಗಟ್ಟಿಯಾಗಿದ್ದವು. ಅಮ್ಮಾರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನನ್ನನ್ನೂ ಕರೆದು ನೋಡು ಎಂದರು. ಫೋನಿನಲ್ಲಿ ಫೋಟೊ ತೆಗೆಯಲು ಹೇಳಿದರು. ಆಮೇಲೆಯೇ ಅರುಣಕುಮಾರನಿಗೆ, ಇದನ್ನೂ ತೆಗಿ ಎಂದರು.

ಮುಚ್ಚಳ ಹೊರಳಿದಾಗ ವಿಭೂತಿ ಪುಡಿಪುಡಿಯಾಗಿ ಉದುರಿತು.

ಒಳಗೆ ಕಂಡದ್ದಕ್ಕೆ ಎಂಜಿನಿಯರ್ ಹುಬ್ಬು ಗಂಟಿಕ್ಕಿದ. ಅಲ್ಲಿ ಕಪ್ಪು ರಬ್ಬರಿನ ಬಳೆ ಇರಬೇಕಿತ್ತು, ಗ್ಯಾಸು ಸೋರದ ಹಾಗೆ. ಅದು ಇರಲಿಲ್ಲ. ಬದಲಿಗೆ ಮುಚ್ಚಳದ ತಿರುಪಿನ ಹಲ್ಲುಗಳಿಗೆ ಹತ್ತಿಯ ನೂಲನ್ನು ಗ್ರೀಸಿನಲ್ಲಿ ಅದ್ದಿ, ಒಂದರ ಪಕ್ಕ ಒಂದು ಸುತ್ತು ಕೂರುವಂತೆ ಒಪ್ಪವಾಗಿ ಸುತ್ತಲಾಗಿತ್ತು. ನಾವು ಇಂಥದ್ದು ಮಾಡುವುದಿಲ್ಲ, ಅಂಜಿನಿಗೂ ಕಲಿಸಿಲ್ಲ ಎಂದ ಅರುಣಕುಮಾರ್.

ಆ ಬಳೆ ನನಗೆ ಸಿಕ್ಕಿತು, ಶೆಡ್ಡಿನ ಹಿಂದೆ ಬಣ್ಣದ ಖಾಲಿ ಡಬ್ಬಿಗಳ ಜೊತೆ. ಎಣ್ಣೆಯಲ್ಲಿ ಉಬ್ಬಿದ ವಡೆಯ ಹಾಗೆ ದಪ್ಪವಾಗಿತ್ತು. ಥಿನ್ನರ್ ಕುಡಿದ ರಬ್ಬರು ಮತ್ತೆ ತನ್ನ ತೋಡಿನಲ್ಲಿ ಕೂರುವುದಿಲ್ಲ. ಜೀಪಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಅಮ್ಮಾರು ಅದನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು.

ಬೀಜದ ಗೋದಾಮು ನೋಡಿಕೊಳ್ಳುವ ಶಾಂಭವಿಯನ್ನು ಮಾತಾಡಿಸಿದೆವು. ದಶಮಿಯ ದಿನ ಪೈಪು ತೆರೆದ ಕೂಡಲೇ ಹೊಸದಾಗಿ ಬಣ್ಣ ಹಚ್ಚಿದ ಬಾಗಿಲಿನ ವಾಸನೆ ಬಂತು, ತಕ್ಷಣ ಮುಚ್ಚಿದೆ ಎಂದಳು. ಹಬ್ಬಕ್ಕೆ ಎಲ್ಲ ಕಡೆ ಬಣ್ಣ ಹಚ್ಚಿದ್ದರಿಂದ ಅದನ್ನು ಯಾರಿಗೂ ಹೇಳಬೇಕು ಅನ್ನಿಸಲಿಲ್ಲವಂತೆ. ಇನ್ನೊಂದು ಮಾತನ್ನು ದನಿ ಇಳಿಸಿ ಹೇಳಿದಳು. ಅಷ್ಟಮಿಯ ಮಧ್ಯಾಹ್ನ, ಹಗರಿಬೊಮ್ಮನಹಳ್ಳಿಯ ಸಿಲಿಂಡರ್ ಏಜೆನ್ಸಿಯ ಗವಿಸಿದ್ದೇಶ್ ಹಿಂದಿನ ಬೇಲಿಯ ಬಳಿ ಸುಳಿದಾಡುತ್ತಿದ್ದ. ಅವಳು ಕಂಡದ್ದೇ ತಡ, ಬೈಕ್ ತಿರುಗಿಸಿ ಹೋದ.

"ಕೀಲಿ ಎಷ್ಟವ್ವ ಈ ಶೆಡ್ಡಿಗೆ?" ಎಂದರು ಅಮ್ಮಾರು.

"ಎರಡ್ರಿ. ಒಂದು ಅಂಜಿನಿ ಸೊಂಟದಾಗ ಇರ್ತಿತ್ತು. ಇನ್ನೊಂದು ಅಧ್ಯಕ್ಷರ ಮನಿ ದೇವರ ಗೂಡಿನಾಗ."

ಗವಿಸಿದ್ದೇಶನನ್ನು ಅವನ ಏಜೆನ್ಸಿಯಲ್ಲೇ ಹಿಡಿದೆವು. ಇವನಿಗೆ ಪ್ಲಾಂಟಿನ ಮೇಲೆ ಹೊಟ್ಟೆಕಿಚ್ಚು ಎಂದು ಇಡೀ ತಾಲೂಕು ಆಡಿಕೊಳ್ಳುತ್ತಿತ್ತು. ಸಗಣಿ ಗ್ಯಾಸಿನಲ್ಲಿ ಮಾಡಿದ ಚಹಾ ಸಗಣಿಯ ಹಾಗೇ ನಾರುತ್ತದೆ ಎಂದು ಸಂತೆಯಲ್ಲಿ ಹೇಳಿ ನಗಿಸಿದವನು ಅವನು. ಮೊದಲು ಹಾರಾಡಿದ. ಕೊನೆಗೆ ಅಂಗಡಿಯ ಹುಡುಗರನ್ನು ಹೊರಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಬೆನಕಪ್ಪನವರು ಒಬ್ಬರೇ ಸಿಕ್ಕರೆ ಕೇಳೋಣ ಅಂತ ಹೋಗಿದ್ದೆ ಎಂದ.

"ಏನು ಕೇಳಾಕ?"

"ಅವರ ಗ್ಯಾಸು ಮಾರೋ ಏಜೆನ್ಸಿ ನನಗ ಕೊಡ್ರಿ ಅಂತ." ಅವನ ಕಿವಿಗಳು ಕೆಂಪಾಗಿದ್ದವು. "ಸಂತ್ಯಾಗ ಅಷ್ಟು ಮಾತಾಡಿ ಯಾವ ಮುಖ ಇಟ್ಕೊಂಡು ಕೇಳ್ಲಿ ಅಂತ ವಾಪಸ್ ಬಂದ್ನಿ. ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ."

"ನೀ ಹೋದಾಗ ಶೆಡ್ಡಿನ ಬಾಗಿಲು ಹೆಂಗಿತ್ತು?"

ಅರ್ಧ ತೆರೆದಿತ್ತು, ಒಳಗೆ ಯಾರೋ ಕೆಮ್ಮಿದ ಸದ್ದು ಕೇಳಿತು, ಅಂಜಿನಿ ಇರಬಹುದು ಅಂದುಕೊಂಡೆ ಎಂದ.

ವಾಪಸ್ ಬರುವಾಗ ನಾನು ಸ್ಟ್ಯಾಂಡಿನಲ್ಲಿ ಜೀಪು ನಿಲ್ಲಿಸಿ ನಮ್ಮ ಡ್ರೈವರ್ ಮಂದಿಯನ್ನು ವಿಚಾರಿಸಿದೆ. ನಾವು ನೋಡದ ಮುಖ ಈ ರಸ್ತೆಗಳಲ್ಲಿ ಕಡಿಮೆ. ಟೆಂಪೊದ ಹುಲುಗಣ್ಣ ತಕ್ಷಣ ಹೇಳಿದ. ಅಷ್ಟಮಿಯ ದಿನ ಊಟದ ಹೊತ್ತು ದಾಟಿದ ಮೇಲೆ ಅಂಜಿನಿ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ, ಅವನ ಗಾಡಿಯಲ್ಲೇ ಚಿಗಟೇರಿಗೆ ಹೋಗಿದ್ದ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಕ್ರಾಪು ತಿದ್ದಿಕೊಳ್ಳುತ್ತಿದ್ದನಂತೆ. ಏನಲೇ, ಮದುವಿ ಗಂಡು ಆಗೀಯೇನು ಎಂದು ಇವನು ಕಾಡಿಸಿದ್ದನಂತೆ. ದೀಪ ಹಚ್ಚುವ ಹೊತ್ತಿಗೆ ಅದೇ ಗಾಡಿಯಲ್ಲಿ ಮರಳಿದಾಗ ಕನ್ನಡಿಯ ಕಡೆ ನೋಡಲೂ ಇಲ್ಲವಂತೆ.

ಹುಲುಗಣ್ಣ ಹೇಳಿದ ಗುರುತು ಹಿಡಿದು, ಅಂಜಿನಿ ಹೋಗಿದ್ದ ಚಿಗಟೇರಿಯ ಮನೆಗೆ ಹೋದೆವು. ಆ ಮನೆಯ ಯಜಮಾನ ಉಚ್ಚಂಗೆಪ್ಪ ಒಳ್ಳೆಯ ಮನುಷ್ಯನೇ. ಹುಡುಗ ತಾನೇ ಬಂದು ಮಗಳನ್ನು ಕೇಳಿದ, ಅವಳಿಗೂ ಮನಸ್ಸಿತ್ತು ಎಂದು ಮುಚ್ಚುಮರೆಯಿಲ್ಲದೆ ಹೇಳಿದ. ಆದರೆ ಮನೆಯ ಹೆಂಗಸರು ಬಾಗಿಲ ಸಂದಿಯಿಂದ ನಕ್ಕುಬಿಟ್ಟರಂತೆ. ದಿನಾ ಸಗಣಿ ಗುಂಡಿಯ ಪಕ್ಕ ಕೂರುವವನಿಗೆ ಹೇಗೆ ಕೊಡುವುದು ಎಂದರಂತೆ. ಮನೆಯವರು ಕೊಟ್ಟ ಚಹಾ ಕುಡಿಯದೆ ಅವನು ಎದ್ದು ಹೋದನಂತೆ.

ಜೀಪಿನಲ್ಲಿ ಅಮ್ಮಾರು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಆಮೇಲೆ, "ಜೇಲಿಗೆ ಹೋಗಾಕ ತಯಾರದಾನ, ಇದನ್ನ ಹೇಳಾಕ ತಯಾರಿಲ್ಲ. ಎಂಥಾ ನಾಚಿಗಿ ನೋಡು" ಎಂದರು.

ಮರುದಿನ ಮಧ್ಯಾಹ್ನ ಬೆನಕಪ್ಪನವರ ಮನೆಗೆ ಹೋದೆವು. ಮೆಕ್ಕೆಜೋಳದ ವ್ಯಾಪಾರ ಮಾಡಿ ಹೆಸರು ಮಾಡಿದ ಹಿರಿಯರು. ರೈತರನ್ನು ಒಟ್ಟುಗೂಡಿಸಿ, ಬೈಸಿಕೊಂಡು, ಆ ಪ್ಲಾಂಟನ್ನು ನಿಲ್ಲಿಸಿದವರು. ಎಷ್ಟೋ ವರ್ಷಗಳಿಂದ ಅವರನ್ನು ನೋಡಿದ್ದೇನೆ, ಹಣೆಯ ಮೇಲೆ ಅಗಲವಾದ ವಿಭೂತಿಯಿಲ್ಲದೆ ಬೀದಿಗೆ ಬಂದವರಲ್ಲ. ಅಂದು ಹಣೆ ಬರಿದಾಗಿತ್ತು. ಮುಖವೇ ಬೇರೆ ಯಾರದೋ ಅನ್ನಿಸಿತು. ಕೂತುಕೊಳ್ಳಿ ಎಂದರು, ತಾವು ಕೂರಲಿಲ್ಲ.

ಅಮ್ಮಾರು ಕೇಸಿನ ಮಾತೆತ್ತಲೇ ಇಲ್ಲ. ಅಂಗಳದ ಮೂಲೆಯಲ್ಲಿದ್ದ ಹಳೆಯ ಆಯಿಲ್ ಎಂಜಿನ್ ಕಡೆ ನಡೆದರು. ಕರೆಂಟು ಬರುವ ಮೊದಲು ಬಾವಿಯ ನೀರೆತ್ತುತ್ತಿದ್ದ ಎಂಜಿನ್. ಈಗ ಕೆಲಸವಿಲ್ಲ, ಆದರೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹಬ್ಬದ ಚೆಂಡು ಹೂವಿನ ಮಾಲೆ ಅದರ ಮೇಲೆ ಒಣಗಿತ್ತು. ಪೈಪು ಕೂಡುವ ಜಾಗಗಳಲ್ಲಿ ನೂಲಿನ ಸುತ್ತುಗಳು ಕಾಣುತ್ತಿದ್ದವು. ಗ್ರೀಸಿನಲ್ಲಿ ಅದ್ದಿ, ಒಂದರ ಪಕ್ಕ ಒಂದು ಕೂರಿಸಿದ ಸುತ್ತುಗಳು.

"ಯಾರು ನೋಡ್ಕೊಂತಾರ್ರಿ ಇದನ್ನ?"

"ನಾನೇ. ಸಣ್ಣಾವಿದ್ದಾಗಿಂದ. ಬ್ಯಾರೆಯವರ ಕೈ ಮುಟ್ಟಿಸಂಗಿಲ್ಲ."

"ಕಂಪ್ಲೇಂಟ್ ಯಾವಾಗ ಕೊಡ್ತೀರಿ?"

ಅವರು ಎಂಜಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ನಿಂತರು. ಸಂಘದವರು ದಿನಾ ಕೇಳುತ್ತಿದ್ದಾರೆ, ಹುಣ್ಣಿಮೆ ಕಳೆಯಲಿ ಎಂದಿದ್ದೇನೆ ಎಂದರು.

"ನಾಳೆ ಮುಂಜಾನೆ ಬೇವಿನ ಮರದ ಕೆಳಗ ಎಲ್ಲಾರನ್ನೂ ಕರಿಸ್ರಿ. ಅವತ್ತು ಯಾರ್ಯಾರು ಇದ್ರೋ ಅಷ್ಟೂ ಮಂದಿ. ಅಂಜಿನೀನ ನಾ ಕರ್ಕೊಂಡು ಬರ್ತೀನಿ."

ಬೆನಕಪ್ಪನವರು ಆಗಲಿ ಎಂದು ತಲೆಯಾಡಿಸಿದರು. ನಮ್ಮನ್ನು ಬೀಳ್ಕೊಡಲು ಬಾಗಿಲವರೆಗೂ ಬರಲಿಲ್ಲ.

ಮರುದಿನ ಎಲ್ಲರೂ ಬಂದರು. ಸಂಘದ ಸದಸ್ಯರು, ಶಾಂಭವಿ, ಅರುಣಕುಮಾರ್, ತುಸು ದೂರದಲ್ಲಿ ಗವಿಸಿದ್ದೇಶ್. ಅಂಜಿನಿ ಬರಲು ಒಪ್ಪಿರಲಿಲ್ಲ. ಅಮ್ಮಾರು ಅವನ ಹತ್ತಿರ ಕೂತು, ಚಿಗಟೇರಿಗೆ ಹೋಗಿದ್ದೆ, ಆ ಮನೆಯಲ್ಲಿ ಏನಾಯಿತೋ ಅದು ನನ್ನ ಬಾಯಿಂದ ಬರುವುದಿಲ್ಲ ಎಂದ ಮೇಲೆ ಎದ್ದ. ಈಗ ತಾಯಿಯ ಹಿಂದೆ ನೆಲ ನೋಡುತ್ತಾ ನಿಂತಿದ್ದ. ಬೆನಕಪ್ಪನವರು ಮರದ ಕಟ್ಟೆಯ ಅಂಚಿನಲ್ಲಿ ಕೂತಿದ್ದರು.

ಅಮ್ಮಾರು ದನಿ ಏರಿಸದೆ ಶುರು ಮಾಡಿದರು.

"ಕೊಳವಿ ಥಿನ್ನರ್‌ನಿಂದ ಕೆಟ್ಟೈತಿ. ಅದು ಎಂಜಿನಿಯರ್ ಹೇಳಿದ್ದು, ಶಾಂಭವಿ ಮೂಗೂ ಹೇಳಿದ್ದು. ನೀವೆಲ್ಲಾ ನವಮಿ ರಾತ್ರಿ ಆಗೈತಿ ಅಂತ ತಿಳದ್ರಿ, ಯಾಕಂದ್ರ ಅವತ್ತು ಅಂಜಿನಿ ಒಬ್ಬವನ ಇದ್ದ. ಆದ್ರ ಮುಂದಿನ ಮುಚ್ಚಳದ ಮ್ಯಾಲೆ ಪೂಜಿ ವಿಭೂತಿ ಇತ್ತು. ಸಂದಿ ದಾಟಿ ಹೋಗಿತ್ತು. ಒಂದು ಬಿರುಕು ಇರಲಿಲ್ಲ. ದುರುಗಣ್ಣನ ಫೋನಿನಾಗ ಐತಿ, ನೋಡ್ರಿ."

ನನ್ನ ಫೋನು ಕೈಯಿಂದ ಕೈಗೆ ಹೋಯಿತು.

"ಪೂಜಿ ಆದ ಮ್ಯಾಲೆ ಆ ಮುಚ್ಚಳ ಒಂದು ಸುತ್ತು ತಿರುಗಿಸಿದ್ರೂ ಗೆರಿ ಒಡೀತಿತ್ತು. ನಾವು ತೆಗದಾಗ ಪುಡಿಯಾಗಿ ಉದುರಿತು."

ಸದಸ್ಯರೊಬ್ಬರು, ಹಿಂದಿನ ಮುಚ್ಚಳದಿಂದ ಹಾಕಿರಬಹುದಲ್ಲ ಎಂದರು. ಅಮ್ಮಾರು ಚೀಲದಿಂದ ಉಬ್ಬಿದ ಬಳೆಯನ್ನು ತೆಗೆದರು. ಹಿಂದಿನ ಬಳೆ ಜಾಗದಲ್ಲೇ, ಸರಿಯಾಗಿಯೇ ಇತ್ತು ಎಂದು ಅರುಣಕುಮಾರ್ ಹೇಳಿದ. ಇದು ಮುಂದಿನದು. ಥಿನ್ನರ್ ಮುಟ್ಟಿದ್ದು ಇದನ್ನು. ಹಾಗಾದರೆ ಕೆಲಸ ನಡೆದದ್ದು ಪೂಜೆಗೆ ಮೊದಲು. ಅಷ್ಟಮಿಯ ದಿನ ಮಧ್ಯಾಹ್ನದವರೆಗೆ ಎಲ್ಲರೂ ಶೆಡ್ಡಿನಲ್ಲಿ ಬಣ್ಣ ಹಚ್ಚುತ್ತಿದ್ದರು. ಎಲ್ಲರ ಕಣ್ಣೆದುರು ಆಗಿರಲಾರದು. ಎಲ್ಲರೂ ಉಣ್ಣಲು ಹೋದ ಮೇಲೆ, ಶೆಡ್ಡಿನ ಬಾಗಿಲು ಅರ್ಧ ತೆರೆದಿದ್ದ ಹೊತ್ತಿನಲ್ಲಿ ಆಗಿದೆ.

"ಆ ಹೊತ್ತಿಗೆ ಅಂಜಿನಿ ಊರಾಗ ಇರಲಿಲ್ಲ. ತನ್ನ ಸ್ವಂತ ಕೆಲಸಕ್ಕ ಹೋಗಿದ್ದ. ಎಲ್ಲಿಗೆ, ಯಾಕ ಅಂತ ನನಗ ಗೊತ್ತೈತಿ, ಹೋಗಿ ಕೇಳಿ ಬಂದೀನಿ. ನಿಮಗ ಅದು ಬ್ಯಾಡ. ಕರ್ಕೊಂಡು ಹೋಗಿ ಬಂದಾವ ಹುಲುಗಣ್ಣ, ಅಲ್ಲೇ ನಿಂತಾನ."

ಹುಲುಗಣ್ಣ ಹೌದೆಂದು ತಲೆಯಾಡಿಸಿದ. ಅಂಜಿನಿಯ ಕತ್ತು ಇನ್ನಷ್ಟು ಬಗ್ಗಿತು.

ಗವಿಸಿದ್ದೇಶನ ಕಡೆ ಹಲವರು ತಿರುಗಿ ನೋಡಿದರು. ಅಮ್ಮಾರು ಕೈಯೆತ್ತಿ ತಡೆದರು. ಅವನ ಬಳಿ ಕೀಲಿ ಇರಲಿಲ್ಲ, ಒಳಗೆ ಬೇರೆಯವರು ಕೆಮ್ಮಿದ್ದನ್ನು ಅವನು ಕೇಳಿದ್ದಾನೆ. ಇನ್ನೊಂದು ಮಾತು ಅದಕ್ಕಿಂತ ದೊಡ್ಡದು. ಕೊಳವೆ ಕೆಡಿಸಲು ಬಂದವನು ಥಿನ್ನರ್ ಸುರಿದು, ಮುಚ್ಚಳ ಬಿಗಿದು ಓಡುತ್ತಾನೆ. ಬಳೆ ಕೂರದಿದ್ದರೆ ಬಿಟ್ಟು ಹೋಗುತ್ತಾನೆ. ಇಲ್ಲಿ ಬಂದವನು ಕೂತು, ನೂಲು ಹುಡುಕಿ, ಗ್ರೀಸು ಹಚ್ಚಿ, ಒಂದೊಂದು ಸುತ್ತನ್ನೂ ಜೋಪಾನವಾಗಿ ಸುತ್ತಿದ್ದಾನೆ, ಗ್ಯಾಸು ಸೋರಬಾರದು ಅಂತ.

"ಇದು ಕೆಡಿಸೋ ಕೈ ಅಲ್ಲ. ಪ್ರೀತಿ ಇರೋ ಕೈ" ಎಂದರು ಅಮ್ಮಾರು. "ಹಬ್ಬಕ್ಕ ಮುಂಚೆ ಎಂಜಿನ್ ಬಿಚ್ಚಿ, ಒಳಗಿನ ಎಣ್ಣಿ ಮಸಿ ಥಿನ್ನರ್‌ನಾಗ ತೊಳದು, ನೂಲು ಸುತ್ತಿ ಮುಚ್ಚೋದು ಆಯಿಲ್ ಎಂಜಿನ್ ಕಾಲದ ಮಂದಿ ಪದ್ಧತಿ. ಕಬ್ಬಿಣಕ್ಕ ಅದು ಒಳ್ಳೇದು. ಈ ಪೊರಿ ಕಬ್ಬಿಣ ಅಲ್ಲ. ಯಾವುದು ಕರಗತೈತೋ ಅದನ್ನ ದಾಟಿಸೋದು ಅದರ ಗುಣ. ಥಿನ್ನರ್ ಬಂದು ಅದನ್ನ ಕರಗಿಸಿತು."

ಅರುಣಕುಮಾರ್ ಮುಂದೆ ಬಂದ. ಥಿನ್ನರ್, ಪೆಟ್ರೋಲು ಸೋಕಿಸಬಾರದು ಎಂದು ಕೊಳವೆಯ ಮೇಲೆ ಚೀಟಿ ಅಂಟಿಸಿತ್ತು, ಆದರೆ ಇಂಗ್ಲಿಷಿನಲ್ಲಿತ್ತು ಎಂದ. ಅದನ್ನು ನಾನು ಯಾರಿಗೂ ಓದಿ ಹೇಳಲಿಲ್ಲ, ಮುಟ್ಟಬೇಡಿ ಎಂದಷ್ಟೇ ಹೇಳಿದ್ದೆ ಎನ್ನುವಾಗ ಅವನೂ ನೆಲ ನೋಡುತ್ತಿದ್ದ.

"ಇನ್ನ ಉಳದದ್ದು ಸಣ್ಣದು" ಎಂದರು ಅಮ್ಮಾರು. "ಎರಡನೇ ಕೀಲಿ ಇದ್ದಾವ್ರು ಯಾರು, ನೂಲು ಸುತ್ತೋ ಕೈ ಯಾರದು, ಥಿನ್ನರ್ ಅನ್ನೋ ಮಾತು ಕೇಳಿದ ದಿನದಿಂದ ಹಣಿಗೆ ವಿಭೂತಿ ಹಚ್ಚಲಾರದಂಗ ಆಗಿರೋದು ಯಾರಿಗೆ, ಕಂಪ್ಲೇಂಟ್ ಮುಂದಕ ಹಾಕ್ತಿರೋದು ಯಾರು. ಹೆಸರು ನಾ ಹೇಳಂಗಿಲ್ಲ. ನಾ ಹೇಳಿದ್ರ ಅದು ಪತ್ತೇದಾರಿ ಆಕ್ಕೈತಿ, ಅಷ್ಟ."

ಬೇವಿನ ಎಲೆಗಳು ಒಂದೊಂದಾಗಿ ಉದುರುತ್ತಿದ್ದವು. ಬೆನಕಪ್ಪನವರು ಕಟ್ಟೆಯ ಮೇಲೆ ಕೈಯೂರಿ ಎದ್ದರು.

"ನಾನು" ಎಂದರು. ಕೇಳಿಸಲಿಲ್ಲ ಅನ್ನಿಸಿತೋ ಏನೋ, ಮತ್ತೆ ಹೇಳಿದರು. "ನಾನು. ಕೊಳವಿ ಬಾಯಿ ತೆಗದು ನೋಡಿದ್ನಿ, ಎಣ್ಣಿ ಮಸಿ ಕಾಣ್ತು. ದೇವರ ಮುಂದ ಕೊಳಿ ಮೈ ನಿಲ್ಲಿಸಬಾರದು ಅಂತ ನಮ್ಮಪ್ಪ ಎಂಜಿನ್ ತೊಳಿಸ್ತಿದ್ದ. ಹಂಗ ತೊಳದ್ನಿ. ಈ ಹುಡುಗನ್ನ ಅಂದಾಗ ನನಗ ಗೊತ್ತಿರಲಿಲ್ಲ, ಬಸವಣ್ಣನ ಆಣಿ. ಅರುಣಕುಮಾರ್ ಥಿನ್ನರ್ ಅಂದ, ಆಗ ಗೊತ್ತಾತು. ಆಮ್ಯಾಲೆ ದಿನಾ ಗೊತ್ತಿತ್ತು. ದಿನಾ ನಾಳೆ ಹೇಳ್ತೀನಿ ಅಂದ್ಕೊಂಡ್ನಿ."

ಕೀಲಿಯನ್ನು ಅಂಗಿಯ ಜೇಬಿನಿಂದ ತೆಗೆದು ಅಂಜಿನಿಯ ಮುಂದೆ ಹಿಡಿದರು. ಇನ್ನೊಂದು ಕೈಯಲ್ಲಿ ಹೊಸ ಬನ್ನಿಯ ಎಲೆಗಳಿದ್ದವು. ಕಿರಿಯರು ಹಿರಿಯರಿಗೆ ಕೊಡುವ ಸೊಪ್ಪನ್ನು ಆ ಹಿರಿಯ ಕಿರಿಯನಿಗೆ ಚಾಚಿ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅಂಜಿನಿ ಎರಡನ್ನೂ ತೆಗೆದುಕೊಳ್ಳಲಿಲ್ಲ. ಮೊದಲ ಸಲ ಮುಖ ಎತ್ತಿದ.

"ನಾ ಕೊಟ್ಟಿದ್ದು ಇಲ್ಲೇ ಬಿದ್ದೈತ್ರಿ" ಎಂದ.

ಬೆನಕಪ್ಪನವರು ಅವನನ್ನು ನೋಡಿದರು. ನಿಧಾನವಾಗಿ ಬಗ್ಗಿ, ಆಮೇಲೆ ಮೊಣಕಾಲೂರಿ, ಮರದ ಕೆಳಗೆ ಹುಡುಕತೊಡಗಿದರು. ಒಣಗಿದ ಬೇವಿನ ಎಲೆಯ ನಡುವೆ ಒಣಗಿದ ಬನ್ನಿಯ ಎಲೆ ಹುಡುಕುವುದು ಸುಲಭವಲ್ಲ. ಅವರ ಬಿಳಿ ಪಂಚೆ ಮಣ್ಣಾಯಿತು. ಯಾರೋ ಒಬ್ಬ ಸದಸ್ಯ ನೆರವಿಗೆ ಹೋಗಲು ಹೆಜ್ಜೆಯಿಟ್ಟವನು ಅಮ್ಮಾರ ಮುಖ ನೋಡಿ ನಿಂತ. ಉಳಿದವರು ಎಲ್ಲೆಲ್ಲೋ ನೋಡುತ್ತಿದ್ದರು. ದಶಮಿಯ ದಿನ ಅವರೆಲ್ಲ ಇಲ್ಲೇ ಇದ್ದರು, ಒಬ್ಬರೂ ಬಾಯಿ ತೆರೆದಿರಲಿಲ್ಲ. ಅದು ಅವರಿಗೆ ಆಗ ನೆನಪಾಗಿರಬೇಕು.

ಕೊನೆಗೆ ಬೇರಿನ ಸಂದಿಯಲ್ಲಿ ಒಂದು ಪುಟ್ಟ ಕಡ್ಡಿ ಸಿಕ್ಕಿತು. ಎಲೆ ಅರ್ಧ ಉದುರಿತ್ತು. ಬೆನಕಪ್ಪನವರು ಅದನ್ನು ಕಣ್ಣಿಗೆ ಒತ್ತಿಕೊಂಡು ಜೇಬಿನಲ್ಲಿಟ್ಟರು. ಎದ್ದು ನಿಂತು, ಹೊಸ ಎಲೆಗಳನ್ನು ಮತ್ತೆ ಚಾಚಿದರು.

"ಬಂಗಾರದಂಗ ಇರೋಣಪಾ" ಎಂದರು.

ಅಂಜಿನಿ ಎಲೆ ತೆಗೆದುಕೊಂಡ. ಅವರ ಕಾಲು ಮುಟ್ಟಲಿಲ್ಲ. ಕೀಲಿ ಇನ್ನೂ ಗಾಳಿಯಲ್ಲೇ ಇತ್ತು. ಅಂಜಿನಕ್ಕ ಮುಂದೆ ಬಂದು ಅದನ್ನು ತೆಗೆದುಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿದಳು.

"ನಾಡಿದ್ದು ಬರ್ತಾನ್ರಿ" ಎಂದಳು. "ಮೊದಲು ಮನಿಯಾಗ ಉಣ್ಲಿ."